ಮೂರು ಗಾಲಿ, ನಾಲ್ಕು ಚೌಕಟ್ಟು

ಮೊನ್ನೆ ಬೆಳಗಾವಿಯ ಅಂಗಡಿಯೊಂದರಲ್ಲಿ ಸೊಸೆಗೆ ಸೀರೆ ಆರಿಸುತ್ತ ಕೂತಿದ್ದೆ. ಅಂಗಡಿಯವರು ಕೈಮಗ್ಗದ ಸೀರೆಯೊಂದರ ಮಡಿಕೆ ಬಿಚ್ಚಿ ಝಾಡಿಸಿದರು. ಗಂಜಿಯ ಹುಳಿ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಸೊಸೆ ಮುಖ ಸಿಂಡರಿಸಿ, "ಭಾಳ ಗಂಜಿ ಹಚ್ಚ್ಯಾರ, ಬ್ಯಾಡ್ರಿ ಅತ್ತಿ" ಎಂದಳು. ನಾನೋ, ಆ ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿಗೆ ಒತ್ತಿಕೊಂಡು ಕೂತುಬಿಟ್ಟೆ. ನಾಲ್ಕು ಜನ ನೋಡುತ್ತಿದ್ದಾರೆಂಬ ಎಚ್ಚರವೂ ಇರಲಿಲ್ಲ. ರಾಮದುರ್ಗ! ಆ ಓಣಿ, ಆ ಬಿಸಿಲು, ಓಣಿಯುದ್ದಕ್ಕೂ ಚಾಚಿ ಕಟ್ಟಿದ ನೂಲು, ಅದಕ್ಕೆ ಗಂಜಿ ಹಚ್ಚಿ ಕುಂಚ ಎಳೆಯುವ ಗಂಡಸರು, ಮನೆಮನೆಯೊಳಗಿಂದ ಲಾಳಿಯ ಟಕ್ ಟಕ್. ಎಲ್ಲ ಒಂದೇ ಉಸಿರಿಗೆ ಒಳಗೆ ಬಂತು. ಸೀರೆ ಕೊಂಡೆ. ಸೊಸೆಗಲ್ಲ, ನನಗೆ.

ಎಪ್ಪತ್ತರ ದಶಕದ ಮಾತು. ನನಗಾಗ ಇಪ್ಪತ್ತಮೂರು. ಬೈಲಹೊಂಗಲದ ಜೋಶಿಯವರ ಮನೆಯ ಮಗಳು. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದಲೂ ಪಂಚಾಂಗ, ಪೂಜೆ, ಸಂಸ್ಕೃತ ಪಾಠ. ನಾನೊಬ್ಬಳು ಹಟ ಹಿಡಿದು ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಎಂ.ಎಸ್ಸಿ. ಮುಗಿಸಿದ್ದೆ. "ಹುಡುಗಿ ಭಾಳ ಶಾಣೇಕಿ" ಎಂದು ಊರೆಲ್ಲ ಹೊಗಳಿದ್ದೇ ಹೊಗಳಿದ್ದು. ಹೊಗಳಿಕೆ ತಲೆಗೇರಿತ್ತು, ಸುಳ್ಳೇಕೆ ಹೇಳಲಿ. ಅದರ ಮೇಲೆ ಸಿಟ್ಟು ಬೇರೆ ಮೂಗಿನ ತುದಿಯಲ್ಲೇ. ಹೀಗೆ ಎರಡೂ ಕೂಡಿದ ಹೆಣ್ಣುಮಗಳೊಬ್ಬಳಿಗೆ ರಾಮದುರ್ಗದ ಒಂದು ಪುಟ್ಟ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಆ ವರ್ಷವೇ ಪಿಯುಸಿ ವಿಜ್ಞಾನದ ಮೊದಲ ತರಗತಿ ಶುರುವಾಗಿತ್ತು. ಇಪ್ಪತ್ತೆರಡು ಮಕ್ಕಳು, ಅದರಲ್ಲಿ ಐದು ಜನ ಹುಡುಗಿಯರು.

ಶನಿವಾರ ಮಧ್ಯಾಹ್ನ ಊರಿಗೆ ಹೊರಡುತ್ತಿದ್ದೆ. ಸವದತ್ತಿಯಲ್ಲಿ ಬಸ್ ಬದಲಿಸಬೇಕು. ಹುಣ್ಣಿಮೆ ಹತ್ತಿರ ಬಂತೆಂದರೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರಿಂದ ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ, ಮನೆ ಮುಟ್ಟುವಷ್ಟರಲ್ಲಿ ನನ್ನ ಸೀರೆಯೂ ಅವರ ಭಂಡಾರದ ಅರಿಸಿನದಿಂದ ಹಳದಿಯಾಗಿರುತ್ತಿತ್ತು. ಸೋಮವಾರ ನಸುಕಿನ ಬಸ್ಸಿಗೆ ಮತ್ತೆ ಹಿಂದಕ್ಕೆ. ಆ ವರ್ಷ ಮಳೆ ಚೆನ್ನಾಗಿ ಆಗಿತ್ತು. ಮಲಪ್ರಭೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಮಳೆ ಬಿಟ್ಟೊಡನೆ ನೇಕಾರರ ಓಣಿಯವರು ನೂಲು ಹೊರಗೆ ತಂದು ಚಾಚುತ್ತಿದ್ದರು, ಮೋಡ ಕಂಡೊಡನೆ ಕೂಗಾಡುತ್ತ ಒಳಗೆ ಸುತ್ತಿಕೊಳ್ಳುತ್ತಿದ್ದರು. ಕಾಲೇಜಿಗೆ ಹೋಗುವ ನನ್ನ ದಾರಿ ಅದೇ ಓಣಿ. ಚಾಚಿದ ನೂಲಿನ ಕೆಳಗೆ ಬಗ್ಗಿ ಬಗ್ಗಿ ಹೋಗುತ್ತಿದ್ದೆ.

ಆಗಸ್ಟಿನಲ್ಲಿ ಒಂದು ದಿನ ತರಗತಿಯಲ್ಲಿ ಗಾಲಿ ಮತ್ತು ಹಗ್ಗದ ಪಾಠ. ಪುಲಿ ಎನ್ನುತ್ತಿದ್ದೆವು ಕಾಲೇಜಿನಲ್ಲಿ. ಹಲಗೆಯ ಮೇಲೆ ಚಿತ್ರ ಬರೆದೆ. ಮೇಲೆ ತೊಲೆಗೆ ಭದ್ರವಾಗಿ ಕಟ್ಟಿದ ಒಂದು ಗಾಲಿ. ಅದರ ಮೇಲೆ ಹಾಯ್ದ ಹಗ್ಗದ ಒಂದು ತುದಿಗೆ ತೂಕದ ಕಲ್ಲು, ಇನ್ನೊಂದು ತುದಿಗೆ ಕಲ್ಲಿನ ಬದಲು ಮತ್ತೊಂದು ಚಿಕ್ಕ ಗಾಲಿ. ಆ ಚಿಕ್ಕ ಗಾಲಿಯ ಮೇಲೆ ಇನ್ನೊಂದು ಹಗ್ಗ, ಅದರ ಎರಡು ತುದಿಗೆ ಎರಡು ಕಲ್ಲು. ಬರೆದು, ಗಟ್ಟಿ ದನಿಯಲ್ಲಿ ಹೇಳಿದೆ:

"ಈ ಚಿಕ್ಕ ಗಾಲಿಯ ಎರಡು ಕಲ್ಲು ನೋಡ್ರಿ. ಒಂದು ಒಂದು ಗೇಣು ಇಳೀತು ಅಂದ್ರ ಇನ್ನೊಂದು ಒಂದು ಗೇಣು ಏರ್ತದ. ಬರಕೋರಿ."

ಎಲ್ಲರೂ ಬರೆದುಕೊಂಡರು. ಎರಡನೇ ಬೆಂಚಿನ ಕಸ್ತೂರಿ ಮಾತ್ರ ಪೆನ್ನು ಕೆಳಗಿಟ್ಟು ಹಲಗೆಯನ್ನೇ ನೋಡುತ್ತಿದ್ದಳು. ಕಪ್ಪಗೆ, ತೆಳ್ಳಗೆ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ಮಾತು ಕಡಿಮೆ. ಆ ಮಾತು ಕಡಿಮೆಯ ಹುಡುಗಿ ಎದ್ದು ನಿಂತಳು.

"ಅಕ್ಕಾರ, ಅದು ಹಂಗ ಆಗಂಗಿಲ್ರೀ."

"ಯಾಕ ಆಗಂಗಿಲ್ಲ?"

"ಆ ಸಣ್ಣ ಗಾಲಿ ಸುಮ್ಮನ ನಿಂತ್ರ ಹಂಗರೀ. ಅದೂ ಇಳದ್ರ?"

"ಅದು ಯಾಕ ಇಳೀತದ?"

"ಜೋತಬಿದ್ದದ್ದರೀ ಅದು. ಇಳೀದ ಮತ್ತೇನ ಮಾಡತೈತಿ?"

ತರಗತಿ ಗೊಳ್ಳೆಂದು ನಕ್ಕಿತು. ನನ್ನ ಮೈಯೆಲ್ಲ ಉರಿಯಿತು. ಎಂ.ಎಸ್ಸಿ.ಯಲ್ಲಿ ಪಹಿಲೇ ನಂಬರು ಬಂದವಳಿಗೆ ಪಿಯುಸಿ ಹುಡುಗಿಯೊಬ್ಬಳು ಪಾಠ ಹೇಳುತ್ತಿದ್ದಾಳೆ! "ಶಾಣೇತನ ಸಾಕು, ಹೊರಗ ನಡಿ!" ಎಂದು ಬಾಗಿಲು ತೋರಿಸಿದೆ. ಕಸ್ತೂರಿ ಅಳಲಿಲ್ಲ, ಎದುರಾಡಲಿಲ್ಲ. ಸುಮ್ಮನೆ ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತಳು. ಗಂಟೆ ಬಾರಿಸಿದ ಮೇಲೆ ಹಾಗೇ ಮನೆಗೆ ಹೋದಳು. ಅವಳ ನೋಟುಬುಕ್ಕು ಬೆಂಚಿನ ಮೇಲೆಯೇ ಉಳಿಯಿತು.

ಮಧ್ಯಾಹ್ನ ಊಟದ ತಾಟು ಬದಿಗೆ ಸರಿಸಿದೆ. ಪುಸ್ತಕ ತೆಗೆದು ನೋಡಿದೆ. ಅದೇ ಚಿತ್ರ, ಅದರ ಕೆಳಗೆ "ಇದರಿಂದ ಸ್ಪಷ್ಟವಾಗುವುದೇನೆಂದರೆ" ಎಂದು ಹೇಳಿ ಒಂದು ಸಮೀಕರಣ. ನಾನು ಹಲಗೆಯ ಮೇಲೆ ಹೇಳಿದ್ದಕ್ಕೂ ಅದಕ್ಕೂ ಹೊಂದುತ್ತಲೇ ಇರಲಿಲ್ಲ. ಇದೇ ಸಮೀಕರಣವನ್ನು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ ನಾನು! ಬಾಯಿಪಾಠ. ನಮ್ಮ ಮನೆಯಲ್ಲಿ ಅಮರಕೋಶ ಬಾಯಿಪಾಠ ಮಾಡಿದ ಹಾಗೆ ಇದನ್ನೂ ಮಾಡಿದ್ದೆ. ಸ್ಪಷ್ಟವಾದದ್ದು ಏನು ಅಂತ ಒಂದು ದಿನವೂ ನನ್ನನ್ನು ನಾನು ಕೇಳಿಕೊಂಡಿರಲಿಲ್ಲ. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

ಸಂಜೆ ಅವಳ ನೋಟುಬುಕ್ಕು ಹಿಡಿದು ನೇಕಾರರ ಓಣಿಗೆ ಹೋದೆ. ಮನೆ ಕೇಳಿಕೊಂಡು ಒಳಗೆ ಕಾಲಿಟ್ಟರೆ ಪಡಸಾಲೆಯ ತುಂಬ ಒಂದೇ ಒಂದು ಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲಿಳಿಬಿಟ್ಟು ಕೂತು ನೇಯುವ ಮಗ್ಗ. ಕುಣಿಯಲ್ಲಿ ಕಸ್ತೂರಿಯ ತಂದೆ ಸಂಗಪ್ಪನವರು ಕೂತಿದ್ದರು, ಮೂಲೆಯಲ್ಲಿ ತಾಯಿ ನೀಲವ್ವ ನೂಲು ಸುತ್ತುತ್ತಿದ್ದರು. ನನ್ನನ್ನು ಕಂಡು ಸಂಗಪ್ಪನವರು ಗಡಬಡಿಸಿ ಮೇಲೆದ್ದರು.

"ಬರ್ರೀ ಬಾಯಾರ, ಕುಂಡ್ರಿ. ಯಾಕ್ರಿ, ನಮ್ಮ ಕಸ್ತೂರಿ ಸಾಲ್ಯಾಗ ಏನರ ಗದ್ಲ ಮಾಡ್ಯಾಳೇನ್ರಿ?"

ಹುಡುಗಿ ಮನೆಯಲ್ಲಿ ಏನೂ ಹೇಳಿರಲಿಲ್ಲ. ಬಾಗಿಲ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದಳು.

"ಇಲ್ರಿ. ಗದ್ಲ ನಾನ ಮಾಡೀನಿ" ಎಂದು ಹೇಳಿ ಗೋಡೆಗೆ ಆತು ಕೂತೆ. ಕೂತು ಕತ್ತು ಮೇಲೆತ್ತಿದೆ. ಎತ್ತಿದವಳು ಹಾಗೇ ಎದ್ದು ನಿಂತೆ.

ಅಲ್ಲಿ, ಮಗ್ಗದ ಮೇಲೆ, ತೊಲೆಗೆ ಕಟ್ಟಿದ ಒಂದು ದೊಡ್ಡ ಕಟ್ಟಿಗೆಯ ಗಾಲಿ! ಅದರ ಮೇಲೆ ಹಾಯ್ದ ಹಗ್ಗದ ಎರಡು ತುದಿಗೆ ಎರಡು ಚಿಕ್ಕ ಗಾಲಿ. ಒಂದೊಂದು ಚಿಕ್ಕ ಗಾಲಿಯ ಮೇಲೂ ಒಂದೊಂದು ಹಗ್ಗ, ಆ ಹಗ್ಗಗಳ ನಾಲ್ಕು ತುದಿಗಳಿಗೆ ನಾಲ್ಕು ಚೌಕಟ್ಟು. ಉದ್ದಕ್ಕೆ ಚಾಚಿದ ಹಾಸಿನ ಎಳೆಗಳೆಲ್ಲ ಈ ಚೌಕಟ್ಟುಗಳ ಕಣ್ಣಿನಲ್ಲಿ ಹಾಯ್ದು ಬರುತ್ತವೆ. ಕಾಲಡಿಯ ಹಲಗೆ ತುಳಿದರೆ ಒಂದು ಚೌಕಟ್ಟು ಇಳಿಯುತ್ತದೆ, ಬೇರೆಯವು ಏರುತ್ತವೆ, ನಡುವಿನ ಸಂದಿಯಲ್ಲಿ ಲಾಳಿ ಓಡುತ್ತದೆ. ನಾನು ಹಲಗೆಯ ಮೇಲೆ ಬರೆದ ಚಿತ್ರ ಇಲ್ಲಿ ಜೀವ ತಳೆದು, ಎರಡರಷ್ಟಾಗಿ, ನನ್ನ ತಲೆಯ ಮೇಲೆಯೇ ನೇತಾಡುತ್ತಿತ್ತು. ಪ್ರತಿದಿನ ಈ ಮನೆಗಳ ಮುಂದೆಯೇ ಹಾಯ್ದು ಹೋಗುತ್ತಿದ್ದೆನಲ್ಲ, ಒಂದು ಸಲವಾದರೂ ಒಳಗೆ ಇಣುಕಿದ್ದೆನೆ?

"ಅಯ್ಯ! ಇದು ಅದ ಅಲ್ಲೇನ ಕಸ್ತೂರಿ!" ಎಂದು ಚೀರಿದೆ. ನೀಲವ್ವನ ಕೈಯಿಂದ ನೂಲು ಜಾರಿಬಿತ್ತು.

ಕಸ್ತೂರಿ ಮೊದಲ ಸಲ ನಕ್ಕಳು. ಹತ್ತಿರ ಬಂದು, "ಆ ಕಡೆ ಗಾಲಿಯ ಮೂರನೇದು, ನಾಕನೇದು ಗಟ್ಟಿ ಹಿಡಕೋರಿ ಅಕ್ಕಾರ, ಅಳ್ಳಾಡಸಬ್ಯಾಡ್ರಿ" ಎಂದಳು. ಹಿಡಿದೆ. ಅವಳು ಮೊದಲನೆಯ ಚೌಕಟ್ಟನ್ನು ಎರಡು ಬೆರಳು ಇಳಿಸಿದಳು. ಎರಡನೆಯದು ಎರಡು ಬೆರಳು ಏರಿತು. "ಇದು ನೀವು ಹೇಳಿದ್ದರೀ. ಈಗ ಬಿಡ್ರಿ." ಬಿಟ್ಟೆ. ಈ ಸಲ ಅವಳು ಎರಡನೆಯದನ್ನು ಅಲುಗದಂತೆ ಹಿಡಿದು ಮೊದಲನೆಯದನ್ನು ಎರಡು ಬೆರಳು ಇಳಿಸಿದಳು. ಚಿಕ್ಕ ಗಾಲಿ ತಾನೂ ಒಂದು ಬೆರಳು ಇಳಿಯಿತು. ಆ ಕಡೆಯ ಚಿಕ್ಕ ಗಾಲಿ ಒಂದು ಬೆರಳು ಏರಿತು. ಮೂರು, ನಾಲ್ಕು ಎರಡೂ ಒಂದೊಂದು ಬೆರಳು ಮೇಲೆ!

"ಇಳದದ್ದು ಎರಡು, ಏರಿದ್ದು ಒಂದಕ್ಕೊಂದು ಕೂಡಿ ಎರಡು. ಹೆಂಗ ಮಾಡಿದ್ರೂ ನಾಕೂ ಕೂಡಿಸಿದ್ರ ಸೊನ್ನೀನ ಬರತೈತ್ರೀ" ಎಂದಳು.

ಸಂಗಪ್ಪನವರಿಗೆ ನಮ್ಮ ಗದ್ದಲ ವಿಚಿತ್ರವಾಗಿ ಕಂಡಿರಬೇಕು. "ಹಗ್ಗ ಬೆಳಿಯಂಗಿಲ್ಲ, ಮೋಟ ಆಗಂಗಿಲ್ಲ ಅಲ್ಲೇನ್ರೀ ಬಾಯಾರ. ಒಬ್ಬಾಂವ ತಗೊಂಡ್ರ ಉಳದವ್ರು ಕೊಡಬೇಕಾಗತೈತಿ" ಎಂದರು, ಇದರಲ್ಲೇನು ಮಹಾ ಎನ್ನುವ ಹಾಗೆ.

ಅಷ್ಟೇ! ಹಗ್ಗದ ಉದ್ದ ಬದಲಾಗುವುದಿಲ್ಲ. ಪುಸ್ತಕದಲ್ಲಿ "ಸ್ಪಷ್ಟವಾಗುವುದೇನೆಂದರೆ" ಎಂದದ್ದು ಇದನ್ನೇ. ಕಾಗದ ಹುಡುಕುವಷ್ಟು ತಾಳ್ಮೆ ನನಗಿರಲಿಲ್ಲ, ಅಂಗೈ ಮೇಲೆಯೇ ಪೆನ್ನಿನಿಂದ ನಾಲ್ಕು ಚೌಕಟ್ಟಿನ ಸಮೀಕರಣ ಬರೆದೆ. ಬಂತು! ಎಂ.ಎಸ್ಸಿ. ಮುಗಿದ ಒಂದು ವರ್ಷದ ಮೇಲೆ, ಆ ಕುಣಿ ಮಗ್ಗದ ಮುಂದೆ, ನನಗೆ ಮೊದಲ ಸಲ ಭೌತಶಾಸ್ತ್ರ ತಿಳಿಯಿತು. ಖುಷಿಗೆ ಕುಣಿಯುವುದೊಂದು ಬಾಕಿ ಇತ್ತು.

ಮರುದಿನ ತರಗತಿಯಲ್ಲಿ ಎಲ್ಲರ ಮುಂದೆ, "ನಿನ್ನೆ ಕಸ್ತೂರಿ ಹೇಳಿದ್ದು ಖರೆ, ನಾ ಹೇಳಿದ್ದು ತಪ್ಪು" ಎಂದೆ. ಯಾರೂ ನಗಲಿಲ್ಲ. ಆಮೇಲೆ ನೋಡಿ, ಆ ತರಗತಿಗೆ ಹುಚ್ಚೇ ಹಿಡಿಯಿತು. ದರ್ಜಿಯ ಅಂಗಡಿಯಿಂದ ಖಾಲಿ ದಾರದ ರೀಲು ತಂದರು, ಮೊಳೆ ಹೊಡೆದು ಕಿಟಕಿಗೆ ನೇತುಹಾಕಿದರು, ಕಲ್ಲು ಕಟ್ಟಿದರು. ಎರಡು ರೀಲು, ಮೂರು ರೀಲು, ಐದು ರೀಲು! "ಅಕ್ಕಾರ, ಇದನ್ನ ಇಳಿಸಿದ್ರ ಅದು ಎಷ್ಟ ಏರತೈತಿ ಹೇಳ್ರಿ ನೋಡೂಣು" ಎಂದು ನನಗೇ ಸವಾಲು. ಉತ್ತರ ತಪ್ಪಿದರೆ ಹೋ ಎಂದು ಕೂಗು. ಪ್ರಿನ್ಸಿಪಾಲರು ಬಂದು ಬಾಗಿಲಲ್ಲಿ ನಿಂತು, "ಜೋಶಿಬಾಯಿ, ಇದು ಕಾಲೇಜೋ ಸಂತಿಯೋ?" ಎಂದು ಕೇಳಿ ಹೋಗುತ್ತಿದ್ದರು.

ದೀಪಾವಳಿ ಕಳೆದು ಚಳಿ ಶುರುವಾದಾಗ ಆ ಪ್ರಿನ್ಸಿಪಾಲರೇ ನನ್ನನ್ನು ಕರೆದು ಕೂರಿಸಿದರು. ಮುಖ ಸಣ್ಣಗಾಗಿತ್ತು.

"ಜನವರಿಯೊಳಗ ತಪಾಸಣಿ ಸಮಿತಿ ಬರ್ತದ. ಅವರು ಹೂಂ ಅಂದ್ರ ಎರಡನೇ ವರ್ಷ ವಿಜ್ಞಾನ. ಇಲ್ಲಾ ಅಂದ್ರ ಇಲ್ಲಿಗೇ ಮುಗೀತು. ಪುಣೆಯಿಂದ ಬರೋ ಸಾಮಾನು ಇನ್ನೂ ಬಂದಿಲ್ಲ. ಪ್ರಯೋಗಶಾಲಾ ತೋರಸ್ರಿ ಅಂದ್ರ ಏನ ತೋರಸೋದು? ನಾಲ್ಕ ಬೆಂಚು, ಎರಡ ಬೀಕರು?"

ಮಕ್ಕಳಿಗೆ ಈ ಸುದ್ದಿ ಹೇಳಲೇಬೇಕಾಯಿತು. ಗಂಡುಹುಡುಗರು ಧಾರವಾಡವೋ ಬೆಳಗಾವಿಯೋ, ಎಲ್ಲಿಯಾದರೂ ಖೋಲಿ ಹಿಡಿದು ಓದಿಯಾರು. ಹುಡುಗಿಯರು? ಕಸ್ತೂರಿಯನ್ನು ಕೇಳಿದೆ. ನೆಲ ನೋಡುತ್ತ, "ನಮ್ಮಪ್ಪ ಕಳಸಂಗಿಲ್ರಿ. ಮನಸಿಲ್ಲ ಅಂತಲ್ರಿ ಅಕ್ಕಾರ, ಕಳಸಾಕ ಆಗಂಗಿಲ್ಲ. ಇಲ್ಲಿ ನಿಂತ್ರ ನಂದ ಓದೂ ನಿಂತಂಗ" ಎಂದಳು. ಆ ಹುಡುಗಿಗೆ ವಿಜ್ಞಾನ ತಪ್ಪಿಹೋಗುವುದನ್ನು ನೋಡುತ್ತ ನಾನು ಸುಮ್ಮನೆ ಕೂಡುವುದೆ? ಸಾಮಾನು ಬರದಿದ್ದರೆ ಹಾಳಾಗಿ ಹೋಗಲಿ, ನಾವೇ ಮಾಡೋಣ ಎಂದೆ.

ಮಾಡಿದೆವು! ಬಡಿಗೇರರಿಂದ ಆಳೆತ್ತರದ ಒಂದು ಕಟ್ಟಿಗೆಯ ಚೌಕಟ್ಟು. ಸಂಗಪ್ಪನವರ ಅಟ್ಟದಿಂದ ಹಳೆಯ ಮೂರು ಗಾಲಿ. ಕಿರಾಣಿ ಅಂಗಡಿಯಿಂದ ನಾಲ್ಕು ತೂಕದ ಕಲ್ಲು. ಹಗ್ಗದ ಜೊತೆ ಒಂದು ಸ್ಪ್ರಿಂಗೂ ಇದ್ದರೆ ಪ್ರಯೋಗಕ್ಕೆ ಕಳೆ ಬರುತ್ತದೆ ಎಂದು ನನಗೆ ಆಸೆ. ಪ್ರಿನ್ಸಿಪಾಲರ ಕೋಣೆಯ ಕಿಟಕಿಗೆ ಪರದೆ ಕಟ್ಟಿದ ಉದ್ದನೆಯ ಸ್ಪ್ರಿಂಗು ಕಂಡಿತು, ಅವರು ಇಲ್ಲದ ಹೊತ್ತು ನೋಡಿ ಒಂದು ಗೇಣು ಕತ್ತರಿಸಿ ತಂದೆ. ಆಮೇಲೆ ವಾರಗಟ್ಟಲೆ ಅವರ ಮುಖಕ್ಕೆ ಬಿಸಿಲು ಬೀಳುತ್ತಿತ್ತು. ಪಾಪ, ಏನೂ ಅನ್ನಲಿಲ್ಲ.

ನಾಲ್ಕನೆಯ ಕಲ್ಲಿನ ಅಡಿಗೆ ಸ್ಪ್ರಿಂಗಿನ ಒಂದು ತುದಿ, ಇನ್ನೊಂದು ತುದಿ ಕೆಳಗಿನ ಹಲಗೆಗೆ. ಈಗ ನಾಲ್ಕನೆಯ ಕಲ್ಲು ಏರಬೇಕಾದರೆ ಸ್ಪ್ರಿಂಗನ್ನು ಎಳೆದುಕೊಂಡು ಏರಬೇಕು, ಹಾಗಾಗಿ ಅದು ಕಡಿಮೆ ಏರುತ್ತದೆ, ಮೂರನೆಯದು ಹೆಚ್ಚು ಏರುತ್ತದೆ. ಯಾವುದು ಎಷ್ಟೇ ಏರಲಿ, ನಾಲ್ಕೂ ಕೂಡಿದರೆ ಸೊನ್ನೆ. ಅಂದಮೇಲೆ ಎರಡನೆಯದನ್ನು ಅಲುಗದಂತೆ ಹಿಡಿದು, ಮೊದಲನೆಯದನ್ನು ಇಷ್ಟೆಂದು ಇಳಿಸಿ, ಸ್ಪ್ರಿಂಗು ಎಷ್ಟು ಹಿಗ್ಗಿತು ಎಂದು ನೋಡಿದರೆ ಸಾಕು, ಮೂರನೆಯ ಕಲ್ಲನ್ನು ನೋಡದೆಯೇ ಅದರ ಏರಿಕೆ ಹೇಳಬಹುದು! ಮೊದಲ ಸಲ ಇದು ಸರಿಯಾಗಿ ಬಂದ ಸಂಜೆ ನಾವೆಲ್ಲ ಸೇರಿ ಬೇವಿನ ಗಿಡದ ಕೆಳಗೆ ಚುರುಮುರಿ ತಿಂದೆವು. ನಾನು ಎರಡು ಪ್ಲೇಟು ತಿಂದೆ.

ಸಮಿತಿ ಬರುವ ದಿನ ಬೆಳಿಗ್ಗೆ ಪ್ರಯೋಗಶಾಲೆಗೆ ಹೋದರೆ ಸಂಗಪ್ಪನವರು ಆಗಲೇ ಬಂದು, ತೊಳೆದ ರುಮಾಲು ಸುತ್ತಿಕೊಂಡು, ನಮ್ಮ ಯಂತ್ರದ ಪಕ್ಕದಲ್ಲಿ ನಿಂತಿದ್ದರು. ಹಿಂದಿನ ದಿನ ಹಗ್ಗಗಳನ್ನು ಬಿಚ್ಚಿ ಮನೆಗೆ ಒಯ್ದಿದ್ದರಂತೆ, ಈಗ ಮತ್ತೆ ಕಟ್ಟಿದ್ದರು. ಹಗ್ಗಗಳು ಬೆಳ್ಳಗೆ ಥಳಥಳ ಹೊಳೆಯುತ್ತಿದ್ದವು. "ಚಂದ ಕಾಣತಾವ್ರಿ" ಎಂದೆ. ಕೈ ಮುಟ್ಟಿ ನೋಡಬೇಕಿತ್ತು, ಆದರೆ ಅಷ್ಟರಲ್ಲಿ ಹೊರಗೆ ಜೀಪಿನ ಸದ್ದಾಯಿತು.

ಮೂವರು ಬಂದಿದ್ದರು. ಅವರಲ್ಲಿ ಮುಖ್ಯರು ಧಾರವಾಡದ ಕಡೆಯ ಹಿರಿಯ ಪ್ರಾಧ್ಯಾಪಕರು. ಬಿಳಿ ಧೋತರ, ಕರಿ ಕೋಟು, ಹೆಗಲ ಮೇಲೆ ಉತ್ತರೀಯ, ಮುಖದಲ್ಲಿ ನಗೆಯ ಗುರುತಿಲ್ಲ. ಬೆಂಚು ನೋಡಿದರು, ಬೀಕರು ನೋಡಿದರು, ಏನೋ ಬರೆದುಕೊಂಡರು. ನಮ್ಮ ಯಂತ್ರದ ಮುಂದೆ ಬಂದು ನಿಂತು, "ಹಾಂ, ತೋರಸ್ರಿ" ಎಂದರು. ಕಸ್ತೂರಿಗೆ ಸನ್ನೆ ಮಾಡಿದೆ. ಅವಳು ಮೊದಲನೆಯ ಕಲ್ಲನ್ನು ಹಿಡಿದು ಕೆಳಗೆ ಎಳೆದಳು.

ಏನೂ ಆಗಲಿಲ್ಲ. ಇನ್ನಷ್ಟು ಎಳೆದಳು. ಕರ್ ಎಂದಿತು. ಹಗ್ಗ ಗಾಲಿಯ ಮೇಲೆ ಬಾಗಿದಲ್ಲೇ ಬಾಗಿ, ಕಟ್ಟಿಗೆಯ ಹಾಗೆ ಸೆಟೆದು ನಿಂತುಬಿಟ್ಟಿತ್ತು. ಉಳಿದ ಕಲ್ಲುಗಳು ಮುನಿಸಿಕೊಂಡವರಂತೆ ಇದ್ದಲ್ಲೇ ಇದ್ದವು. ನಾನು ಧಾವಿಸಿ ಹಗ್ಗ ಮುಟ್ಟಿದೆ. ಗಂಜಿ! ದಪ್ಪಗೆ, ಗಟ್ಟಿಯಾಗಿ ಗಂಜಿ!

ಬಾಗಿಲಲ್ಲಿದ್ದ ಸಂಗಪ್ಪನವರ ಕಡೆ ನೋಡಿದೆ. "ದೊಡ್ಡ ಮಂದಿ ಬರತಾರ, ಹಗ್ಗ ಮಾಸಿದ್ದೂ ಅಂತ ಗಂಜಿ ಕುಡಿಸಿ ಬಿಸಲಿಗೆ ಒಣಗಿಸಿದ್ನಿರೀ ಬಾಯಾರ" ಎಂದರು ಮೆಲ್ಲಗೆ. ಹುಟ್ಟಿದಾಗಿನಿಂದ ನೂಲಿಗೆ ಗಂಜಿ ಹಚ್ಚಿದ ಕೈ. ಬೆಲೆಯುಳ್ಳದ್ದು ಏನೇ ಇರಲಿ, ಗಂಜಿ ಹಚ್ಚಿದರೆ ಗಟ್ಟಿ ಬರುತ್ತದೆ ಎಂಬುದು ಅವರ ನಂಬಿಕೆ. ಪ್ರೀತಿಯಿಂದ ಮಾಡಿದ್ದರು, ಅದರಿಂದಲೇ ನಮ್ಮ ಮನೆ ಮುಳುಗಿತ್ತು. ಅವರ ಮುಖ ನೋಡಲಾಗಲಿಲ್ಲ.

ಹಿರಿಯ ಪ್ರಾಧ್ಯಾಪಕರು ಗಡಿಯಾರ ನೋಡಿಕೊಂಡರು. "ಉಪಕರಣ ಇಲ್ಲ ಅಂತ ಬರಕೋತೀವಿ. ಊಟಕ್ಕ ಸವದತ್ತಿ ಮುಟ್ಟಬೇಕು ನಾವು."

"ಸರ್" ಎಂದಳು ಕಸ್ತೂರಿ. "ನಮ್ಮ ಮನೀಗೆ ಬರ್ರೀ."

"ಏ, ಸುಮ್ಮಕಿರು!" ಎಂದು ಪ್ರಿನ್ಸಿಪಾಲರು ಗದರಿದರು.

ನನಗೆ ಎಲ್ಲಿಂದ ಧೈರ್ಯ ಬಂತೋ ದೇವರೇ ಬಲ್ಲ. "ಸರ್, ಖರೇ ಪ್ರಯೋಗಶಾಲಾ ಎರಡು ಓಣಿ ಆಚೆ ಅದರಿ. ಪುಣೆಯಿಂದ ಬರೋ ಸಾಮಾನೂ ಅದರ ಮುಂದ ಏನೂ ಅಲ್ಲ. ಒಂದು ಹತ್ತು ನಿಮಿಷ ಬರ್ರಿ. ಬಂದು ನೋಡಿ, ಆಮ್ಯಾಲ ಇಲ್ಲ ಅಂತ ಬರೀರಿ" ಎಂದು ಒಂದೇ ಉಸಿರಿನಲ್ಲಿ ಅಂದೆ. ಅವರು ನನ್ನನ್ನು ಒಂದು ಸಲ, ಹುಡುಗಿಯನ್ನು ಒಂದು ಸಲ ನೋಡಿದರು. "ನಡೀರಿ" ಎಂದರು.

ಕರಿ ಕೋಟಿನವರು ಮುಂದೆ, ನಾವು ಹಿಂದೆ, ಇಪ್ಪತ್ತೆರಡು ಮಕ್ಕಳು ಅದರ ಹಿಂದೆ. ಓಣಿಯಲ್ಲಿ ಚಾಚಿದ ನೂಲಿನ ಕೆಳಗೆ ಎಲ್ಲರೂ ಬಗ್ಗಿ ಹಾಯ್ದೆವು. ಮನೆಯಲ್ಲಿ ಅರ್ಧ ನೇಯ್ದ ಸೀರೆ ಮಗ್ಗದ ಮೇಲಿತ್ತು, ಯಾರದೋ ಮದುವೆಗೆಂದು ನೇಯಿಸುತ್ತಿದ್ದ ಒಳ್ಳೆಯ ಸೀರೆ. ಕಸ್ತೂರಿ ಕುಣಿಯಲ್ಲಿ ಇಳಿದು ಕೂತು, ನಾಲ್ಕು ಚೌಕಟ್ಟು, ಮೂರು ಗಾಲಿ ತೋರಿಸಿ, ಎರಡು ಬೆರಳು ಇಳಿಸಿ ಏರಿಸಿ ಸೊನ್ನೆಯ ಲೆಕ್ಕ ಹೇಳಿದಳು. ದನಿ ಒಂದಿಷ್ಟೂ ನಡುಗಲಿಲ್ಲ. ಹಿರಿಯರು ತಲೆಯಾಡಿಸಿದರು.

"ಇದು ನೀ ದಿನಾ ನೋಡೂದವಾ. ನೋಡಿದ್ದು ಹೇಳಿದಿ. ಲೆಕ್ಕ ಗೊತ್ತದಂತ ನನಗ ಹೆಂಗ ತಿಳೀಬೇಕು? ಮಗ್ಗ ಎಂದೂ ಮಾಡದ್ದು ಒಂದು ಮಾಡೂಣು."

ನಮ್ಮ ಯಂತ್ರಕ್ಕೆ ಕಟ್ಟಿದ್ದ ಸ್ಪ್ರಿಂಗು ತರಲು ಹೇಳಿದರು, ಹುಡುಗನೊಬ್ಬ ಓಡಿಹೋಗಿ ಪ್ರಯೋಗಶಾಲೆಯಿಂದ ತಂದ. ಹಿರಿಯರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು. ನಾಲ್ಕನೆಯ ಚೌಕಟ್ಟಿನ ಅಡಿಗೆ ಸ್ಪ್ರಿಂಗು ಸಿಕ್ಕಿಸಿ ನೆಲದ ಗೂಟಕ್ಕೆ ಕಟ್ಟಿಸಿದರು. ಎರಡನೆಯದನ್ನು ಅಲುಗದಂತೆ ಮಗ್ಗದ ಕಂಬಕ್ಕೆ ಕಟ್ಟಿಸಿದರು. ಮೂರನೆಯದರ ಮುಂದೆ ತಮ್ಮ ಉತ್ತರೀಯ ಇಳಿಬಿಟ್ಟು, ತಾವೊಬ್ಬರೇ ಪಕ್ಕದಿಂದ ನೋಡುವಂತೆ ಮಾಡಿಕೊಂಡರು.

"ಮೊದಲನೇದು ಆರು ಬೆರಳು ಇಳಿಸು. ಸ್ಪ್ರಿಂಗ್ ಅಷ್ಟ ನೋಡಿ, ನನ್ನ ಕಡೆಯ ಚೌಕಟ್ಟು ಎಷ್ಟು ಏರೇದ ಹೇಳು."

ಸಂಗಪ್ಪನವರು ಬೆರಳಿನ ಗುರುತು ಕೊರೆದ ಅಳತೆಯ ಕೋಲನ್ನು ಅವರ ಕೈಗೆ ಕೊಟ್ಟರು. ಎಲ್ಲರೂ ಕಾದೆವು. ಕಸ್ತೂರಿ ಕಾಲಡಿಯ ಹಲಗೆಯ ಮೇಲೆ ಕಾಲಿಟ್ಟಳು, ತುಳಿಯಲಿಲ್ಲ. ಒಂದು ನಿಮಿಷವಾಯಿತು. ಎಷ್ಟು ಸಲ ಮಾಡಿದ ಲೆಕ್ಕ, ತುಳಿಯೇ ತಾಯಿ!

"ಯಾಕವಾ, ಗೊತ್ತಿಲ್ಲೇನು?" ಎಂದರು ಹಿರಿಯರು.

"ಗೊತ್ತೈತ್ರೀ ಸರ್. ಗೊತ್ತಿದ್ದದ್ದಕ್ಕ ಅಂಜಾಕ ಹತ್ತೇನ್ರಿ. ಮೂರನೇದು ನಾಕ ಬೆರಳಿನ ಮ್ಯಾಲ ಏರತೈತಿ. ಮೊದಲನೇದಾಗಲಿ ಅದಾಗಲಿ, ಎರಡ ಬೆರಳ ದಾಟಿದ್ರ ಎಳಿ ತಡಿಯಂಗಿಲ್ರಿ, ಹರೀತಾವು."

ಹಿರಿಯರು ಗಾಬರಿಯಿಂದ, "ಹಂಗಾದ್ರ ಬ್ಯಾಡ, ಬ್ಯಾಡ. ಬಿಡವಾ, ನನಗ ತಿಳೀಲಿಲ್ಲ" ಎಂದು ಕೈಯಾಡಿಸಿದರು. ಬಿಟ್ಟರೆ ಮುಂದೇನು? ತೋರಿಸಲು ನಮ್ಮ ಹತ್ತಿರ ಬೇರೇನೂ ಇರಲಿಲ್ಲ. ಕಸ್ತೂರಿ ನನ್ನನ್ನು ನೋಡಿದಳು. ಬೇರೆಯವರ ಮಗ್ಗದ ಮೇಲಿನ ಸೀರೆ ಹರಿಯಲಿ ಎಂದು ನಾನು ಹೇಗೆ ಹೇಳಲಿ?

ಸಂಗಪ್ಪನವರು ರುಮಾಲು ತೆಗೆದು ಗೂಟಕ್ಕೆ ತೂಗುಹಾಕಿದರು. ಮಗಳ ಹಿಂದೆ ಬಂದು ಕುಕ್ಕರುಗಾಲಿನಲ್ಲಿ ಕೂತರು.

"ಒತ್ತವಾ. ಗಂಟ ನಾ ಹಾಕತೇನಿ."

ಕಸ್ತೂರಿ ತುಳಿದಳು. ಗಾಲಿಗಳು ಕಿರ್ ಎಂದು ತಿರುಗಿದವು. ಟಪ್, ಟಪ್, ಟಪಟಪ ಎಳೆಗಳು ಹರಿದವು. ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡರು. ಕಸ್ತೂರಿ ತುಳಿದ ಕಾಲು ತೆಗೆಯದೆ, ಬಗ್ಗಿ, ಸ್ಪ್ರಿಂಗಿನ ಮೇಲೆ ಬೆರಳಿಟ್ಟು ಅಳೆದಳು.

"ಸ್ಪ್ರಿಂಗು ಒಂದೂವರಿ ಬೆರಳ ಹಿಗ್ಗೈತ್ರೀ. ಆರರಾಗ ಅದು ಹೋದ್ರ ಮೂರನೇದು ನಾಕೂವರಿ ಏರಿರಬೇಕು."

ಹಿರಿಯರು ಉತ್ತರೀಯದ ಹಿಂದೆ ಕೋಲು ಹಿಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅವರು ಉತ್ತರೀಯವನ್ನು ಸರಕ್ಕನೆ ಎಳೆದು ತೆಗೆದರು. ಕೋಲಿನ ಮೇಲೆ ಅವರ ಹೆಬ್ಬೆರಳು ನಾಲ್ಕನೆಯ ಗುರುತು ದಾಟಿ, ಐದನೆಯದಕ್ಕೆ ಸರಿಯಾಗಿ ಅರ್ಧ ದಾರಿಯಲ್ಲಿತ್ತು.

ಮಕ್ಕಳು ಹೋ ಎಂದು ಕೂಗಿದ್ದಕ್ಕೆ ಓಣಿಯ ಮಗ್ಗಗಳೆಲ್ಲ ನಿಂತವು. ಹಿರಿಯರು ಗೋಡೆ ಹಿಡಿದು ಎದ್ದರು. ಮೊದಲ ಸಲ ಅವರ ಮುಖದಲ್ಲಿ ನಗೆ ಕಂಡೆ. ಪ್ರಿನ್ಸಿಪಾಲರ ಕಡೆ ತಿರುಗಿ ಹೇಳಿದರು:

"ಉಪಕರಣ ಅದ ಅಂತ ಬರೀತೀನಿ. ಜೂನಿನ್ಯಾಗ ಎರಡನೇ ವರ್ಷದ ಹಾಜರಿ ಪುಸ್ತಕ ಮಾಡ್ತೀರಲ್ಲ, ಈಕಿ ಹೆಸರು ಮೊದಲ ಬರೀರಿ."

ನಾನು ಕುಣಿಯೊಳಗೆ ಹಾರಿ ಕಸ್ತೂರಿಯನ್ನು ಅವುಚಿಕೊಂಡೆ. ಅಳುತ್ತಿದ್ದೆನೋ ನಗುತ್ತಿದ್ದೆನೋ ಗೊತ್ತಿಲ್ಲ. "ಅಕ್ಕಾರ, ಬಿಡ್ರೀ, ಎಳಿ ಮ್ಯಾಲ ನಿಂತೀರಿ!" ಎಂದು ಅವಳು ಕೂಗಿದಳು. ಸಂಗಪ್ಪನವರು ಆಗಲೇ ಮಗ್ಗದ ಮೇಲೆ ಬಾಗಿ ಹರಿದ ಎಳೆಗಳನ್ನು ಆರಿಸುತ್ತಿದ್ದರು. ಸಮಿತಿಯವರು ಸವದತ್ತಿಯ ಊಟ ಬಿಟ್ಟು ನೀಲವ್ವ ಕೊಟ್ಟ ಚಹಾ ಕುಡಿದು ಹೋದರು. ನಾವು ನಾಲ್ವರು ಹೊತ್ತು ಮುಳುಗುವವರೆಗೂ ಕೂತು ಗಂಟು ಹಾಕಿದೆವು, ಕಣ್ಣಿಗೆ ಕಾಣದಷ್ಟು ಸಣ್ಣ ಗಂಟು, ನೂರಾರು. ನನ್ನ ಪಾಲಿನದನ್ನು ನಾನೂ ಜಂಬದಿಂದಲೇ ಹಾಕಿದೆ.

ನಾನು ಹಾಕಿದ ಆ ಗಂಟುಗಳನ್ನೆಲ್ಲ ಮರುದಿನ ಸಂಗಪ್ಪನವರು ಒಂದೂ ಬಿಡದೆ ಬಿಚ್ಚಿ ಮತ್ತೆ ಹಾಕಿದರಂತೆ. ಎರಡನೇ ವರ್ಷದ ಮೊದಲ ದಿನ ನಾನು ಹಾಜರಿ ಪುಸ್ತಕ ತೆರೆದು ಮೊದಲ ಹೆಸರು ಕೂಗಿದಾಗ, ಕಸ್ತೂರಿ ಎದ್ದು ನಿಂತು, ಹಾಜರಿ ಹೇಳಿ, ನನ್ನ ಗಂಟುಗಳ ಈ ಸುದ್ದಿಯನ್ನೂ ಹೇಳಿ ಇಡೀ ತರಗತಿಯನ್ನು ನಗಿಸಿದಳು.